ಕೊಂಡವನ ಮನೆಯಲ್ಲಿ ಮಾರಿದವನ ಬೀಗ

2007ರ ಮಾತು. ದುಬೈಯಲ್ಲಿ ಕೆಲಸಕ್ಕಿದ್ದ ನಮ್ಮ ದುಲ್ಹೇಭಾಯಿ, ಅಂದರೆ ಅಕ್ಕನ ಗಂಡ, ರಜೆಯ ಮೇಲೆ ಊರಿಗೆ ಬಂದರು. ಗಲ್ಫಿನಿಂದ ಬರುವವರ ಸೂಟ್‌ಕೇಸಿನಲ್ಲಿ ಏನಿರುತ್ತದೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಖರ್ಜೂರ, ಹಾಲಿನ ಪುಡಿಯ ಡಬ್ಬ, ಅತ್ತರು, ಎಲ್ಲರಿಗೂ ಒಂದೊಂದು ಎಂದು ಎಣಿಸಿ ತಂದ ಬಟ್ಟೆ. ನನ್ನ ಪಾಲಿಗೆ ಬಂದದ್ದು ಒಂದು ಡಿವಿಡಿ. ಈಜಿಪ್ಟಿನ ನಿರ್ದೇಶಕ ಯೂಸುಫ್ ಶಾಹೀನರ ‘ಅಲ್ ಮಸೀರ್’. ಆ ಚಿತ್ರದ ಬಗ್ಗೆ ಓದಿದ್ದೆನೇ ಹೊರತು ನೋಡಿರಲಿಲ್ಲ. ಫೋನು ಮಾಡಿ ನಾನೇ ಕೇಳಿದ್ದೆ. “ಮೂರು ಅಂಗಡಿ ಅಲೆದೆ ಮಿಯಾಂ. ಅಸಲಿ ಮಾಲು. ಬಿಲ್ಲು ಬೇಕಾದರೆ ಕೊಡುತ್ತೇನೆ” ಎಂದು ನಕ್ಕರು.

ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕಂಪ್ಯೂಟರಿನ ಮುಂದೆ ಕೂತರು. ಡಿಸ್ಕು ಒಳಗೆ ಹೋಯಿತು, ಒಂದಷ್ಟು ಹೊತ್ತು ಗುರ್ ಎಂದಿತು, ಆಮೇಲೆ ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿತು. ಈ ಡಿಸ್ಕು ಬೇರೆ ಪ್ರದೇಶಕ್ಕೆ ಸೇರಿದ್ದು, ನಿಮ್ಮ ಡ್ರೈವಿನ ಪ್ರದೇಶ ಬೇರೆ ಎಂಬುದು ಅದರ ಒಕ್ಕಣೆ. ಡಬ್ಬಿಯ ಬೆನ್ನು ತಿರುಗಿಸಿ ನೋಡಿದರೆ ಭೂಗೋಳದ ಒಂದು ಸಣ್ಣ ಚಿತ್ರ, ಅದರೊಳಗೆ 2 ಎಂಬ ಅಂಕೆ. ಅಷ್ಟು ದಿನ ಅದನ್ನು ಕಂಪೆನಿಯ ಮೊಹರೆಂದೇ ತಿಳಿದಿದ್ದೆ. ಅಮ್ಮಿ, “ದುಡ್ಡು ಕೊಟ್ಟಿದ್ದೀಯಲ್ಲ, ಮತ್ತೇನಂತೆ ಅದಕ್ಕೆ?” ಎಂದು ಕೇಳಿದರು. ಆ ಪ್ರಶ್ನೆಗೆ ಇದಕ್ಕಿಂತ ಚೊಕ್ಕವಾದ ರೂಪವನ್ನು ಆಮೇಲೆ ಯಾವ ಕಾನೂನು ಪುಸ್ತಕದಲ್ಲೂ ನಾನು ಕಾಣಲಿಲ್ಲ.

ಒಳಗೆ ಬರಲು ನಿರಾಕರಿಸಿದ ಚಿತ್ರ ಯಾವುದು ಎಂಬುದನ್ನು ಇಲ್ಲಿ ಹೇಳಲೇಬೇಕು. ‘ಅಲ್ ಮಸೀರ್’ 1997ರ ಚಿತ್ರ. ಅದೇ ವರ್ಷ ಕಾನ್ ಚಿತ್ರೋತ್ಸವ ತನ್ನ ಐವತ್ತನೆಯ ವರ್ಷದ ವಿಶೇಷ ಪ್ರಶಸ್ತಿಯನ್ನು ಶಾಹೀನರಿಗೆ ಕೊಟ್ಟಿತು. ಕಥಾನಾಯಕ ಹನ್ನೆರಡನೆಯ ಶತಮಾನದ ಕುರ್ತುಬಾದ ತತ್ವಜ್ಞಾನಿ ಇಬ್ನ್ ರುಶ್ದ್. ಯುರೋಪಿನವರು ಅವೆರೋಸ್ ಎಂದು ಕರೆದದ್ದು ಇವನನ್ನೇ. ನೂರ್ ಅಲ್ ಶರೀಫ್ ಆ ಪಾತ್ರ ಮಾಡಿದ್ದಾರೆ. ಚಿತ್ರ ಶುರುವಾಗುವುದು ಫ್ರಾನ್ಸಿನ ದಕ್ಷಿಣದಲ್ಲಿ. ಇಬ್ನ್ ರುಶ್ದ್‌ನನ್ನು ಅನುವಾದಿಸಿದ ತಪ್ಪಿಗೆ ಅಲ್ಲಿ ಒಬ್ಬ ಕ್ರೈಸ್ತನನ್ನು ಸುಡುತ್ತಾರೆ. ಅವನ ಮಗ ಅಂದಲೂಸಿಗೆ ಬಂದು ಅದೇ ಗುರುವಿನ ಶಿಷ್ಯನಾಗುತ್ತಾನೆ. ಇತ್ತ ಖಲೀಫ ಮನ್ಸೂರನ ಕಿವಿ ಕಚ್ಚುವವರ ಕೈ ಮೇಲಾಗಿ, ಗುರುವಿನ ಪುಸ್ತಕಗಳನ್ನು ಬೆಂಕಿಗೆ ಹಾಕುವ ದಿನ ಬರುತ್ತದೆ. ಶಿಷ್ಯರು ಹಗಲೂ ರಾತ್ರಿ ಕೂತು ಪ್ರತಿ ಮಾಡುತ್ತಾರೆ. ಒಂದು ಕಂತೆ ಫ್ರಾನ್ಸಿನ ಕಡೆಗೆ, ಇನ್ನೊಂದು ಈಜಿಪ್ಟಿನ ಕಡೆಗೆ.

ಇದು ಸಿನಿಮಾದವರ ಕಲ್ಪನೆ ಮಾತ್ರವಲ್ಲ. 1195ರಲ್ಲಿ ಇಬ್ನ್ ರುಶ್ದ್ ಗಡೀಪಾರಾದದ್ದು, ಪುಸ್ತಕಗಳು ಸುಟ್ಟುಹೋದದ್ದು, 1198ರಲ್ಲಿ ಮರ್ರಾಕೇಶಿನಲ್ಲಿ ಅವನು ತೀರಿಕೊಂಡದ್ದು ಚರಿತ್ರೆ. ಪ್ಲೇಟೋನ ‘ರಿಪಬ್ಲಿಕ್’ ಬಗ್ಗೆ ಅವನು ಬರೆದ ವ್ಯಾಖ್ಯಾನದ ಅರಬ್ಬಿ ಮೂಲ ಉಳಿದಿಲ್ಲ; ಹೀಬ್ರೂ ಅನುವಾದ ಉಳಿದಿದೆ. ಅಂದರೆ ಒಬ್ಬ ಮುಸ್ಲಿಮನ ಮಾತನ್ನು ಒಬ್ಬ ಯಹೂದಿ ತನ್ನ ಭಾಷೆಯಲ್ಲಿ ಇಟ್ಟುಕೊಂಡದ್ದರಿಂದ ಅದು ನಮಗೆ ದಕ್ಕಿತು. ಯಾರೋ ಕಳಿಸದ ಊರಿಗೆ, ಯಾರೂ ಎಣಿಸದ ದಾರಿಯಲ್ಲಿ ಪ್ರತಿಯೊಂದು ಹೋಗಿ ಮುಟ್ಟಿತು. ಇಂಥ ಕಥೆ ಹೇಳುವ ಚಿತ್ರಕ್ಕೇ ಊರಿನ ಬೀಗ ಬಿದ್ದಿತ್ತು.

ಈ ಬೀಗದ ಹುಟ್ಟನ್ನು ಸ್ವಲ್ಪ ನೋಡೋಣ. ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರ ಕೊನೆಯಲ್ಲಿ, ಜಪಾನಿನಲ್ಲಿ. ಅಮೆರಿಕಕ್ಕೆ ಬಂದದ್ದು 1997ರಲ್ಲಿ. ತಮ್ಮ ಚಿತ್ರಗಳನ್ನು ಈ ಹೊಸ ತಟ್ಟೆಗೆ ಹಾಕಲು ಹಾಲಿವುಡ್ಡಿನ ಸ್ಟುಡಿಯೋಗಳು ಒಡ್ಡಿದ ಷರತ್ತುಗಳಲ್ಲಿ ಇದೂ ಒಂದು. ಜಗತ್ತನ್ನು ಅವರು ಆರು ತುಂಡು ಮಾಡಿದರು. ಅಮೆರಿಕ, ಕೆನಡಾ 1. ಪಶ್ಚಿಮ ಯುರೋಪು, ಜಪಾನು, ಅರಬ್ ದೇಶಗಳು, ಈಜಿಪ್ಟ್, ದಕ್ಷಿಣ ಆಫ್ರಿಕ 2. ಹಾಂಗ್‌ಕಾಂಗ್, ತೈವಾನ್, ದಕ್ಷಿಣ ಕೊರಿಯ, ಆಗ್ನೇಯ ಏಷ್ಯ 3. ಆಸ್ಟ್ರೇಲಿಯ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ 4. ಚೀನಾ 6. ನಡುವೆ ಉಳಿದ 5ರೊಳಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ, ರಷ್ಯ, ಮಂಗೋಲಿಯ, ಉತ್ತರ ಕೊರಿಯ, ಆಫ್ರಿಕದ ಬಹುಪಾಲು. ವಿಮಾನ, ಹಡಗುಗಳಿಗೆಂದು 8ನೆಯದೂ ಇತ್ತು. ಆಕಾಶವನ್ನೂ ಬಿಟ್ಟಿರಲಿಲ್ಲ ಎಂದಾಯಿತು.

ಈ ಪಟವನ್ನು ನೋಡಿ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ದಿಲ್ಲಿ ಮತ್ತು ಲಾಹೋರುಗಳನ್ನು ಯಾವ ಸರಕಾರವೂ ಒಂದು ಮಾಡಲಾರದು, ಇವರು ಒಂದು ಅಂಕೆಯಲ್ಲಿ ಮಾಡಿ ಮುಗಿಸಿದ್ದರು. ಆದರೆ ದುಬೈ ಮತ್ತು ಮಂಗಳೂರನ್ನು ಬೇರ್ಪಡಿಸಿದ್ದರು. ಕರಾವಳಿಯ, ಮಲೆನಾಡಿನ ಎಷ್ಟು ಮನೆಗಳ ಒಲೆ ಆ ಮರಳುಗಾಡಿನ ಸಂಬಳದಿಂದ ಉರಿಯುತ್ತದೆ ಎಂಬುದು ಪಟ ಬರೆದವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರು ನೋಡಿದ್ದು ಚಿತ್ರ ಎಲ್ಲಿ ಯಾವಾಗ ಬಿಡುಗಡೆಯಾಗುತ್ತದೆ, ಎಲ್ಲಿ ಎಷ್ಟು ಬೆಲೆ ಕೀಳಬಹುದು ಎಂಬುದನ್ನು. ಮನುಷ್ಯರು ಒಂದು ಕಡೆ ದುಡಿದು ಇನ್ನೊಂದು ಕಡೆ ಬದುಕುತ್ತಾರೆ ಎನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಅವರ ವಾದದಲ್ಲಿ ಹುರುಳೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ಆಗೆಲ್ಲ ಫಿಲ್ಮಿನ ರೀಲುಗಳು ದೇಶದಿಂದ ದೇಶಕ್ಕೆ ಸಾಗಬೇಕಿತ್ತು. ಅಮೆರಿಕದಲ್ಲಿ ಓಟ ಮುಗಿಸಿದ ಚಿತ್ರ ಬೇರೆಡೆ ತೆರೆ ಕಾಣುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ಅಷ್ಟರಲ್ಲಿ ಡಿವಿಡಿ ಬಂದುಬಿಟ್ಟರೆ ಅಲ್ಲಿಯ ಟಾಕೀಸಿನವನು ಬಾಗಿಲು ಹಾಕಬೇಕಾಗುತ್ತದೆ. ಒಪ್ಪೋಣ. ಆದರೆ ಆ ನೆಪ ದೊಡ್ಡ ಹೊಸ ಚಿತ್ರಗಳಿಗೆ, ಅದೂ ಕೆಲವೇ ತಿಂಗಳು ಸಲ್ಲುತ್ತದೆ. ಮುದ್ರೆ ಮಾತ್ರ ಶಾಶ್ವತ. ಹತ್ತು, ನಲವತ್ತು ವರ್ಷ ಹಳೆಯ ಚಿತ್ರಕ್ಕೆ, ಯಾವ ಟಾಕೀಸಿನಲ್ಲೂ ಇನ್ನು ಓಡದ ಚಿತ್ರಕ್ಕೆ ಯಾಕೆ ಅದನ್ನು ಹಾಕಬೇಕು?

ಟಿವಿಗೆ ಜೋಡಿಸುವ ಪ್ಲೇಯರುಗಳ ಮಟ್ಟಿಗೆ ನಮ್ಮವರು ಈ ಕಾಟವನ್ನು ಬೇಗ ಗೆದ್ದರು. ಚೀನಾದ ಅಗ್ಗದ ಪೆಟ್ಟಿಗೆಗಳಿಗೆ ಪ್ರದೇಶದ ಹಂಗಿರಲಿಲ್ಲ. ಇದ್ದವಕ್ಕೂ ರಿಮೋಟಿನಲ್ಲಿ ಯಾವುದೋ ನಾಲ್ಕು ಗುಂಡಿ ಒತ್ತಿದರೆ ಬೀಗ ಬಿಡುತ್ತಿತ್ತು. ಆ ಮಂತ್ರ ನಮ್ಮೂರಿನ ರೇಡಿಯೋ ರಿಪೇರಿಯವನಿಗೆ ಬಾಯಿಪಾಠ. ಕಂಪ್ಯೂಟರಿನ ಡ್ರೈವು ಹಾಗಲ್ಲ. 2000ದ ಆರಂಭದಿಂದ ತಯಾರಾಗುವ ಡ್ರೈವುಗಳಲ್ಲಿ ಬೀಗ ಡ್ರೈವಿನ ಒಡಲಲ್ಲೇ, ಅದರ ಚಿಪ್ಪಿನಲ್ಲೇ ಇರಬೇಕೆಂದು ಕಟ್ಟುಪಾಡಾಯಿತು. ಬಳಸುವವನು ಪ್ರದೇಶವನ್ನು ಬದಲಿಸಬಹುದು, ಆದರೆ ಐದು ಸಲ ಮಾತ್ರ. ಐದನೆಯದಕ್ಕೆ ಎಲ್ಲಿ ನಿಂತಿತೋ ಅಲ್ಲೇ ಖಾಯಂ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದರೂ ಲೆಕ್ಕ ಹೋಗದು, ಯಾಕೆಂದರೆ ಲೆಕ್ಕ ಇರುವುದು ಕಂಪ್ಯೂಟರಿನಲ್ಲಿ ಅಲ್ಲ, ಡ್ರೈವಿನಲ್ಲಿ.

ಐದೇ ಯಾಕೆ? ಒಬ್ಬ ಮನುಷ್ಯ ಬಾಳಿನಲ್ಲಿ ಐದಕ್ಕಿಂತ ಹೆಚ್ಚು ಸಲ ದೇಶ ಬದಲಿಸುವುದಿಲ್ಲ ಎಂದು ಎಣಿಸಿರಬೇಕು. ದೇಶ ಬದಲಿಸದೆಯೂ ಬೇರೆ ದೇಶದ ಚಿತ್ರ ನೋಡುವವನೊಬ್ಬ ಇರಬಹುದು ಎಂಬುದು ಅವರ ತಲೆಗೆ ಹೊಳೆದಂತಿಲ್ಲ. ಅಥವಾ ಹೊಳೆದೇ ಹೀಗೆ ಮಾಡಿದರೋ.

ನನ್ನ ಐದರ ಕಥೆ ಹೀಗಾಯಿತು. ಕಂಪ್ಯೂಟರು ಜೋಡಿಸಿಕೊಟ್ಟ ಹುಡುಗ ಮೊದಲೇ 5 ಹಾಕಿ ಒಂದು ಅವಕಾಶ ಮುಗಿಸಿದ್ದ. ‘ಅಲ್ ಮಸೀರ್’ಗೆಂದು 2ಕ್ಕೆ ತಿರುಗಿಸಿದೆ, ಮೂರು ಉಳಿದವು. ಚಿತ್ರ ನೋಡಿದೆವು. ಅಮ್ಮಿ ಅರ್ಧಕ್ಕೆ ನಿದ್ದೆ ಹೋದರು, ಆದರೆ ಮುಹಮ್ಮದ್ ಮುನೀರನ ಹಾಡು ಬಂದಾಗಲೆಲ್ಲ ಎದ್ದು ಕೂತರು. ಮಾರನೆಯ ವಾರ ಅಕ್ಕನ ಮಕ್ಕಳು ಸಿಡಿ ಬಾಡಿಗೆಯ ಅಂಗಡಿಯಿಂದ ಇಂಗ್ಲಿಷಿನ ಒಂದು ಕಾರ್ಟೂನು ಚಿತ್ರ ತಂದರು. ಅದು ಭಾರತದ್ದೇ ಡಿಸ್ಕು, 5. ಮಕ್ಕಳ ಅಳುವಿಗೆ ಸೋತು ಮತ್ತೆ ತಿರುಗಿಸಿದೆ. ಎರಡು ಉಳಿದವು. ಅಲ್ಲಿಂದ ಮುಂದೆ ಹೊರಗಿನ ಡಿಸ್ಕನ್ನು ಯಾರಾದರೂ ತಂದುಕೊಟ್ಟರೆ ಸಂತೋಷಕ್ಕೆ ಮೊದಲು ಬೆನ್ನು ತಿರುಗಿಸಿ ಅಂಕೆ ನೋಡುವ ಚಾಳಿ ಬಂತು.

ಮೂರನೆಯ ಬದಲಾವಣೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 2011ರಲ್ಲಿ ಅಮೆರಿಕದ ಒಂದು ಹೆಸರಾಂತ ಕಂಪೆನಿ ಸತ್ಯಜಿತ್ ರಾಯರ ‘ಜಲ್ಸಾಘರ್’ ಚಿತ್ರವನ್ನು ಶುಚಿಗೊಳಿಸಿ ಡಿವಿಡಿ ತಂದಿತು. ಅಲ್ಲಿಂದ ಬಂದ ಗೆಳೆಯರೊಬ್ಬರು ಅದನ್ನು ನನಗೆ ಕೊಟ್ಟರು. ತಾರಾಶಂಕರ ಬಂದ್ಯೋಪಾಧ್ಯಾಯರ ಕಥೆ. ಚಿತ್ರೀಕರಣ ನಡೆದದ್ದು ಮುರ್ಶಿದಾಬಾದಿನ ನಿಮ್ತಿತಾ ಎಂಬ ಊರಿನ ಅರಮನೆಯಲ್ಲಿ. ಸಂಗೀತ ವಿಲಾಯತ್ ಖಾನರದು. ಬೇಗಂ ಅಖ್ತರ್ ಸ್ವತಃ ಕೂತು ಹಾಡುತ್ತಾರೆ, ರೋಶನ್ ಕುಮಾರಿ ಕಥಕ್ ಕುಣಿಯುತ್ತಾರೆ. ಆಸ್ತಿಯೆಲ್ಲ ಹೊಳೆಪಾಲಾದ ಮೇಲೂ ಕೊನೆಯ ಮೆಹಫಿಲ್ ನಡೆಸಲೇಬೇಕೆನ್ನುವ ಜಮೀನ್ದಾರನಾಗಿ ಛಬಿ ಬಿಸ್ವಾಸ್. ಇಂಥ ಮುಖಗಳನ್ನು ನಮ್ಮಲ್ಲಿ ಹಳೆಯ ನವಾಬಿ ಮನೆತನಗಳ ಜಗಲಿಗಳಲ್ಲಿ ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಬಂಗಾಲದ ಕಥೆ, ಬಂಗಾಲದ ಅರಮನೆ, ಲಖನೌದ ಗಾಯಕಿ. ಅದರ ಸ್ವಚ್ಛ ಪ್ರತಿಯ ಬೆನ್ನಿಗೆ 1. ಭಾರತದ ಡ್ರೈವು ಅದನ್ನು ಓದಬಾರದು. ನಮ್ಮ ಮನೆಯ ಹಾಡನ್ನು ಕೇಳಲು ನನ್ನ ಡ್ರೈವು ಅಮೆರಿಕದ ಪ್ರಜೆಯಾಗಬೇಕಾಯಿತು.

ಇಲ್ಲಿ ನಾನು ಆ ಕಂಪೆನಿಯವರನ್ನು ಬೈಯುವಂತಿಲ್ಲ. ಅವರು ಅಮೆರಿಕದ ಮಾರುಕಟ್ಟೆಯ ಹಕ್ಕನ್ನು ಮಾತ್ರ ಕೊಂಡಿರುತ್ತಾರೆ, ಅಲ್ಲಿಗಷ್ಟೇ ಮಾರಬೇಕು. ಉಳಿಸುವ ಕೆಲಸವನ್ನು ಮಾಡಿದವರೂ ಹೊರಗಿನವರೇ. ‘ಪಥೇರ್ ಪಾಂಚಾಲಿ’ ಸೇರಿದಂತೆ ಅಪು ಚಿತ್ರಗಳ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟವು. ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವಿನವರು ಕರಕಲಾದ ಆ ಸುರುಳಿಗಳನ್ನು ಎಸೆಯದೆ ಕಾಪಾಡಿದರು. ಇಟಲಿಯ ಬೊಲೋನ್ಯದ ತಂತ್ರಜ್ಞರು ಅವನ್ನು ಬಿಡಿಸಿ, ತೇಪೆ ಹಾಕಿ, 2015ಕ್ಕೆ ಹೊಸ ಪ್ರತಿ ಸಿದ್ಧವಾಯಿತು. ಇಬ್ನ್ ರುಶ್ದ್‌ನ ಕಂತೆಗಳ ಹಾಗೆ ಇವೂ ಬೆಂಕಿಯಿಂದ ಪರದೇಶಕ್ಕೆ ಹೋಗಿ ಬದುಕಿದವು. ಆದರೆ ಅಮೆರಿಕದಲ್ಲಿ ಬಂದ ಬ್ಲೂ-ರೇ ಡಿಸ್ಕು ಎ ಪ್ರದೇಶದ್ದು. ಭಾರತ ಇರುವುದು ಸಿ ಪ್ರದೇಶದಲ್ಲಿ. ಡಿವಿಡಿಯ ಆರು ತುಂಡುಗಳು ಬ್ಲೂ-ರೇಗೆ ಬಂದಾಗ ಮೂರಾದವು, ಅಷ್ಟೇ ಸುಧಾರಣೆ. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಮಾತ್ರ ಪ್ರದೇಶದ ಗೋಜಿಲ್ಲ. ಆ ಹೊತ್ತಿಗೆ ಡಿಸ್ಕು ಕೊಳ್ಳುವವರೇ ಅಪರೂಪವಾಗಿದ್ದರು.

ನಾನು ಕಥೆ ಬರೆಯುವವನು. ವರ್ಷಕ್ಕೊಮ್ಮೆ ಪ್ರಕಾಶಕರು ಕಳಿಸುವ ಗೌರವಧನದ ಚೆಕ್ಕು ಎಷ್ಟು ಸಣ್ಣದಾದರೂ ಅದನ್ನು ಬೇಡವೆನ್ನುವ ಸ್ಥಿತಿಯಲ್ಲಿಲ್ಲ. ಆದುದರಿಂದ ಹಕ್ಕುಸ್ವಾಮ್ಯದ ವಿರುದ್ಧ ನನ್ನ ತಕರಾರಿಲ್ಲ. ಪುಸ್ತಕಗಳಲ್ಲೂ ಪ್ರದೇಶದ ಕಟ್ಟಳೆ ಉಂಟು. ಇಂಗ್ಲಿಷ್ ಪುಸ್ತಕಗಳ ಭಾರತದ ಆವೃತ್ತಿಗಳ ಬೆನ್ನಿಗೆ ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾಗಿರುವುದನ್ನು ಎಲ್ಲರೂ ನೋಡಿರುತ್ತೀರಿ. ಅದು ಮಾರುವವನಿಗೆ ಹೇಳಿದ ಮಾತು. ಕೊಂಡವನು ಅದನ್ನು ಕೈರೋಗೆ ಒಯ್ದು ಬಿಡಿಸಿದರೆ ಹಾಳೆಗಳು ಅಂಟಿಕೊಂಡು ಕೂರುವುದಿಲ್ಲ. ನನ್ನ ಕಪಾಟಿನಲ್ಲಿ ಲಾಹೋರು, ಕರಾಚಿಗಳಲ್ಲಿ ಅಚ್ಚಾದ ಉರ್ದು ಪುಸ್ತಕಗಳಿವೆ. ಯಾರ್ಯಾರದೋ ಚೀಲದಲ್ಲಿ, ಎಷ್ಟೋ ಕೈ ದಾಟಿ ಬಂದವು. ಮಂಟೋನನ್ನು ನಾನು ಓದಿದ್ದೇ ಹಾಗೆ. ಆ ಪುಸ್ತಕಗಳು ತೆರೆಯುವ ಮುನ್ನ ನನ್ನ ವಿಳಾಸ ಕೇಳಿದ್ದರೆ ನಾನು ಬರೆಯುತ್ತಲೇ ಇರಲಿಲ್ಲವೇನೋ.

ಅಮೆರಿಕದ ಸುಪ್ರೀಂ ಕೋರ್ಟೇ 2013ರಲ್ಲಿ ಈ ತತ್ವವನ್ನು ಎತ್ತಿ ಹಿಡಿಯಿತು. ಥಾಯ್ಲೆಂಡಿನಿಂದ ಅಲ್ಲಿಗೆ ಓದಲು ಹೋದ ಸುಪಾಪ್ ಕಿರ್ತ್‌ಸಾಯೆಂಗ್ ಎಂಬ ವಿದ್ಯಾರ್ಥಿ ತನ್ನ ದೇಶದಲ್ಲಿ ಅಗ್ಗವಾಗಿ ಸಿಗುವ ಪಠ್ಯಪುಸ್ತಕಗಳನ್ನು ಮನೆಯವರಿಂದ ತರಿಸಿ ಅಮೆರಿಕದಲ್ಲಿ ಮಾರಿದ. ಪ್ರಕಾಶಕರು ದಾವೆ ಹೂಡಿದರು. ಒಮ್ಮೆ ನ್ಯಾಯವಾಗಿ ಮಾರಿದ ಪ್ರತಿಯ ಮೇಲೆ, ಅದು ಯಾವ ದೇಶದಲ್ಲಿ ಅಚ್ಚಾದುದಾದರೂ, ಕೊಂಡವನಿಗೆ ಮತ್ತೆ ಮಾರುವ ಹಕ್ಕಿದೆ ಎಂದು ಆರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. ಕಾನೂನು ಕೊಂಡವನಿಗೆ ಇಷ್ಟು ಕೊಟ್ಟರೂ ಬೀಗ ಅದನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ. ಅಂಗಡಿಯಲ್ಲಿ ವ್ಯಾಪಾರ ಮುಗಿದ ಮೇಲೂ ಮಾರಿದವನು ನಮ್ಮ ಮನೆಯ ಪಡಸಾಲೆಯಲ್ಲಿ ಕೂತೇ ಇರುತ್ತಾನೆ. ನನ್ನ ತಕರಾರು ಇರುವುದು ಇಲ್ಲಿ.

ಇನ್ನು ಕಳ್ಳರಿಗೆ ಇದರಿಂದ ಏನಾಯಿತು? ಏನೂ ಆಗಲಿಲ್ಲ. ಡಿವಿಡಿಯ ಗುಪ್ತಲಿಪಿ 1999ರಲ್ಲೇ ಒಡೆಯಿತು. ಅದರಲ್ಲಿ ಕೈ ಇದ್ದ ನಾರ್ವೆಯ ಯೋನ್ ಲೆಕ್ ಯೊಹಾನ್ಸೆನ್‌ಗೆ ಆಗ ಹದಿನೈದು ವರ್ಷ. ಅವನ ಮೇಲೆ ಮೊಕದ್ದಮೆ ನಡೆಯಿತು. 2003ರಲ್ಲಿ ಮೊದಲ ನ್ಯಾಯಾಲಯವೂ ಮೇಲ್ಮನವಿಯ ನ್ಯಾಯಾಲಯವೂ ಅವನನ್ನು ಬಿಡುಗಡೆ ಮಾಡಿದವು. ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ತನಗೆ ಬೇಕಾದ ಕಂಪ್ಯೂಟರಿನಲ್ಲಿ ನೋಡುವುದು ಕಳ್ಳತನವಲ್ಲ ಎಂಬುದು ಅಲ್ಲಿಯ ತೀರ್ಪಿನ ತಿರುಳು. ಇತ್ತ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಾರುತ್ತಿದ್ದ ನಕಲಿ ಡಿಸ್ಕುಗಳಿಗೆ ಬೀಗವೇ ಇರುತ್ತಿರಲಿಲ್ಲ. ಅವು ದುಬೈಯಲ್ಲೂ ಓಡುತ್ತಿದ್ದವು, ದಾವಣಗೆರೆಯಲ್ಲೂ ಓಡುತ್ತಿದ್ದವು. ಮೂರು ಅಂಗಡಿ ಅಲೆದು ಬಿಲ್ಲು ಪಡೆದ ದುಲ್ಹೇಭಾಯಿಯ ಡಿಸ್ಕು ಮಾತ್ರ ಓಡುತ್ತಿರಲಿಲ್ಲ.

ನಮ್ಮ ದೇಶದ ಚಿತ್ರ ವ್ಯಾಪಾರಿಗಳು ಈ ವಿಷಯದಲ್ಲಿ ಹೆಚ್ಚು ಬುದ್ಧಿವಂತರಾಗಿದ್ದರು. ಹಿಂದಿ ಚಿತ್ರಗಳ ಡಿವಿಡಿಗಳು ಬಹುಮಟ್ಟಿಗೆ ಎಲ್ಲ ಪ್ರದೇಶಗಳಿಗೂ ತೆರೆದೇ ಇರುತ್ತಿದ್ದವು. ಲಂಡನ್ನು, ಟೊರಾಂಟೋ, ಶಾರ್ಜಾಗಳಲ್ಲಿ ಚದುರಿದ ನೋಡುಗರನ್ನು ಬೀಗ ಹಾಕಿ ಕಳೆದುಕೊಳ್ಳುವಷ್ಟು ದಡ್ಡರಲ್ಲ ಅವರು. 2007ರಲ್ಲಿ ಮೋಸರ್ ಬೇರ್ ಕಂಪೆನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಿತು. ನಕಲಿಗಿಂತ ಅಸಲಿಯೇ ಅಗ್ಗವಾದರೆ ಜನ ಅಸಲಿಯನ್ನೇ ಕೊಳ್ಳುತ್ತಾರೆ ಎಂಬ ಸರಳ ಲೆಕ್ಕ. ಕಿರಾಣಿ ಅಂಗಡಿಯಲ್ಲೂ ಡಿಸ್ಕುಗಳು ನೇತಾಡಿದವು. ಆ ಕಂಪೆನಿ ಬಹುಕಾಲ ಬಾಳಲಿಲ್ಲ, 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಆದರೆ ನೋಡುಗನನ್ನು ಕಳ್ಳನೆಂದು ಶಂಕಿಸದೆ ಗಿರಾಕಿಯೆಂದು ನಂಬಿದ ಆ ನಡೆಯನ್ನು ನಾನು ಮರೆತಿಲ್ಲ.

ಕಾನೂನುಗಳು ನಿಧಾನವಾಗಿಯಾದರೂ ಒಂದಿಷ್ಟು ಕಣ್ಣು ತೆರೆದವು. ಅಮೆರಿಕದ 1998ರ ಕಾಯ್ದೆ ಬೀಗ ಒಡೆಯುವುದನ್ನೇ ತಪ್ಪೆಂದು ಸಾರಿತ್ತು. ಆಸ್ಟ್ರೇಲಿಯ 2006ರಲ್ಲಿ, ನ್ಯೂಜಿಲೆಂಡ್ 2008ರಲ್ಲಿ ತಮ್ಮ ಕಾನೂನು ತಿದ್ದುವಾಗ ಮಾರುಕಟ್ಟೆ ಹಂಚಿಕೊಳ್ಳಲೆಂದೇ ಹಾಕಿದ ಪ್ರದೇಶದ ಬೀಗಕ್ಕೆ ಈ ರಕ್ಷಣೆ ಕೊಡಲಿಲ್ಲ. ಭಾರತದ 2012ರ ತಿದ್ದುಪಡಿಯ 65ಎ ಕಲಮೂ ಒಡೆದವನ ಉದ್ದೇಶವನ್ನು ಕೇಳುತ್ತದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ ಅಪರಾಧ. ಅದೇ ತಿದ್ದುಪಡಿಯ 2010ರ ಕರಡಿನಲ್ಲಿ, ಹೊರದೇಶದಲ್ಲಿ ಲೇಖಕನ ಒಪ್ಪಿಗೆಯಿಂದ ಪ್ರಕಟವಾದ ಪ್ರತಿಯನ್ನು ಇಲ್ಲಿಗೆ ತರುವುದು ತಪ್ಪಲ್ಲ ಎಂಬ ಒಂದು ಸಾಲಿತ್ತು. ಕಾಯ್ದೆ ಪಾಸಾಗುವಾಗ ಆ ಸಾಲನ್ನು ಕೈಬಿಟ್ಟರು. ಪಾರ್ಲಿಮೆಂಟಿನಲ್ಲಿ ಅದಕ್ಕಾಗಿ ಯಾರೂ ಗದ್ದಲ ಮಾಡಿದ ನೆನಪು ನನಗಿಲ್ಲ.

ಬೀಗದ ಪೆಟ್ಟು ದೊಡ್ಡವರಿಗೂ ತಟ್ಟಿದ್ದುಂಟು. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಅಮೆರಿಕಕ್ಕೆ ಹೋದಾಗ ಒಬಾಮಾ ಅವರಿಗೆ ಅಮೆರಿಕದ ಹೆಸರಾಂತ 25 ಚಿತ್ರಗಳ ಡಿವಿಡಿಗಳನ್ನು ಉಡುಗೊರೆ ಕೊಟ್ಟರು. ಅವು 1ನೆಯ ಪ್ರದೇಶದವು, ಬ್ರಿಟನ್ನಿನ ಪ್ಲೇಯರಿನಲ್ಲಿ ಓಡಲಿಲ್ಲ ಎಂದು ಅಲ್ಲಿಯ ಪತ್ರಿಕೆಗಳು ಬರೆದವು. ನಮ್ಮ ದುಲ್ಹೇಭಾಯಿಗೆ ಇದನ್ನು ಓದಿ ಹೇಳಿದಾಗ ಅವರಿಗಾದ ಸಮಾಧಾನ ಅಷ್ಟಿಷ್ಟಲ್ಲ.

ಈಗ ಡ್ರೈವಿಲ್ಲದ ಕಂಪ್ಯೂಟರುಗಳ ಕಾಲ. ಡಿಸ್ಕು ಹೋಯಿತು, ಪ್ರದೇಶ ಹೋಗಲಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತವೂ ಸೇರಿ ನೂರಕ್ಕೂ ಹೆಚ್ಚು ದೇಶಗಳಿಗೆ ಒಮ್ಮೆಗೇ ಬಂತು. ಅದೇ ತಿಂಗಳು, ಬೇರೆ ದೇಶದವರಂತೆ ನಟಿಸಿ ಒಳಗೆ ಬರುವವರನ್ನು ತಡೆಯುವುದಾಗಿಯೂ ಅದು ಸಾರಿತು. ಈ ಚಿತ್ರ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂಬ ಸಾಲನ್ನು ನನ್ನ ಮಗಳು ಎಂಟನೆಯ ವಯಸ್ಸಿಗೇ ಓದಲು ಕಲಿತಳು. ಡಿಸ್ಕಿನ ಕಾಲದಲ್ಲಿ ಕೊನೆಯ ಪಕ್ಷ ಡಬ್ಬಿ ಕೈಯಲ್ಲಿರುತ್ತಿತ್ತು, ಬೀಗ ಎಲ್ಲಿದೆ ಎಂದು ತೋರಿಸಬಹುದಿತ್ತು.

ನನ್ನ ಡ್ರೈವಿನ ಕೊನೆಯ ಅವಕಾಶದ ಬಗ್ಗೆ ಹೇಳುವುದು ಉಳಿಯಿತು. ‘ಜಲ್ಸಾಘರ್’ ಆದ ಮೇಲೆ ಒಂದೇ ಉಳಿದಿತ್ತು. ಹೆಂಡತಿ, “5 ಹಾಕಿಬಿಡಿ, ನಾವಿರುವುದು ಇಲ್ಲಿಯಲ್ಲವೇ” ಎಂದಳು. ಮಾತು ಸರಿಯೇ. ಆದರೆ 5ರಲ್ಲಿ ಬರುವುದೆಲ್ಲ ಇಲ್ಲಿ ಹೇಗಾದರೂ ಸಿಗುತ್ತದೆ, ಸಿಗದಿರುವುದು ಇನ್ನೊಂದು. ಎರಡು ದಿನ ಯೋಚಿಸಿ 2 ಒತ್ತಿದೆ. ಇನ್ನು ಬದಲಾವಣೆ ಸಾಧ್ಯವಿಲ್ಲ ಎಂದು ಪರದೆ ಎಚ್ಚರಿಸಿತು, ಸರಿ ಎಂದೆ. ಅಂದಿನಿಂದ ಆ ಡ್ರೈವು ದುಬೈಯ ಖಾಯಂ ನಿವಾಸಿ. ಹಳೆಯ ಕಂಪ್ಯೂಟರು ಅಟ್ಟ ಸೇರಿ ವರ್ಷಗಳಾದವು. ಗುಜರಿಯವನು ಎರಡು ಸಲ ಕೇಳಿದ, ಕೊಟ್ಟಿಲ್ಲ. ಕಳೆದ ರಜೆಯಲ್ಲಿ ಮಗಳಿಗೆ ತೋರಿಸೋಣವೆಂದು ಕೆಳಗಿಳಿಸಿ ಧೂಳು ಒರೆಸಿ ಚಾಲೂ ಮಾಡಿದೆ. ಡಿಸ್ಕಿನ ಮೇಲೆ ಗೀರುಗಳು ಬಿದ್ದಿವೆ. ಶಿಷ್ಯರು ಪುಸ್ತಕದ ಗಂಟು ಕಟ್ಟುವ ಜಾಗದಲ್ಲಿ ಚಿತ್ರ ತಡೆ ತಡೆದು ನಿಲ್ಲುತ್ತದೆ. ಒಂದು ನಿಮಿಷ ಕಾದರೆ ಮುಂದಕ್ಕೆ ಹೋಗುತ್ತದೆ.